ಟೈಮ್‌ಲೈನ್‌ನಲ್ಲಿ ಕಾಣದೇ ಹೋದ ಹನ್ನೊಂದು ಟಿಕೆಟ್

ತುಮಕೂರಿನಿಂದ ಯಶವಂತಪುರಕ್ಕೆ ದಿನಾ ರೈಲಲ್ಲಿ ಓಡಾಡೋರದ್ದು ಒಂದು ವಾಟ್ಸಾಪ್ ಗ್ರೂಪ್ ಇದೆ. ಅರಸೀಕೆರೆ ಕಡೆಯಿಂದ ಬರೋ ಗಾಡಿ ಎಲ್ಲಿದೆ ಅಂತ ಯಾರಾದರೂ ಕೇಳಿದರೆ ವೇಳಾಪಟ್ಟಿ ನೋಡಿ ಯಾರೂ ಉತ್ತರ ಕೊಡಲ್ಲ. ಗಾಡಿಯೊಳಗೇ ಕೂತಿರೋರು "ನಿಟ್ಟೂರು ಬಿಡ್ತು", ಆಮೇಲೆ "ಗುಬ್ಬಿ" ಅಂತ ಹಾಕ್ತಾರೆ. ಅದನ್ನು ನಂಬಿಯೇ ನಾವು ಮನೆ ಬಿಡೋದು.

ಆಫೀಸಿನಲ್ಲಿ ಇದೇ ವಿವೇಕ ಯಾಕೆ ಇರಲ್ಲ ಅನ್ನೋದು ಕಳೆದ ತಿಂಗಳಿಂದ ನನ್ನನ್ನು ಕಾಡ್ತಿದೆ.

ನಮ್ಮಲ್ಲಿ ಮೂರು ಟೀಮು: ಆ್ಯಪ್, ಪೇಮೆಂಟ್, ಟೆಸ್ಟಿಂಗ್. ಮೂವರ ಕೆಲಸವನ್ನೂ ಜೀರಾದಲ್ಲಿ (ಕೆಲಸದ ಲೆಕ್ಕ ಇಡೋ ಸಾಫ್ಟ್‌ವೇರ್, ಅದರಲ್ಲಿ ಒಂದೊಂದು ಕೆಲಸಕ್ಕೂ ಒಂದು ಟಿಕೆಟ್) ಒಂದೇ ಪ್ಲಾನ್‌ಗೆ, ಅಂದರೆ ಎಲ್ಲರ ಕೆಲಸವನ್ನೂ ತಾರೀಕಿನ ಸಮೇತ ಒಂದೇ ಟೈಮ್‌ಲೈನ್‌ನಲ್ಲಿ ತೋರಿಸೋ ಪುಟಕ್ಕೆ ತಂದಿದ್ದರು. ಅಲ್ಲಿ ಮಾಹಿತಿಗೆ ಮೂಲವಾಗಿ ಒಂದು ಟೀಮಿನ ಕೆಲಸ ಯಾವ ಹಂತದಲ್ಲಿದೆ ಅಂತ ತೋರಿಸೋ ಬೋರ್ಡ್ ಕೊಡಬಹುದು, ಪ್ರಾಜೆಕ್ಟ್ ಕೊಡಬಹುದು, ಫಿಲ್ಟರ್ ಕೊಡಬಹುದು. ನಮ್ಮಲ್ಲಿ ಕೊಟ್ಟಿದ್ದು ಫಿಲ್ಟರ್. ಒಂದು ಲೇಬಲ್ ಇರೋ ಟಿಕೆಟ್‌ಗಳನ್ನು ಮಾತ್ರ ಎತ್ತಿಕೊಳ್ಳೋ ಫಿಲ್ಟರ್. ಪೇಮೆಂಟ್‌ನವರು ರೀಫಂಡ್ ಕೆಲಸ ದೊಡ್ಡದಾಯ್ತು ಅಂತ ಅದನ್ನು ಒಡೆದು ಹನ್ನೊಂದು ಹೊಸ ಟಿಕೆಟ್ ಮಾಡಿದರು. ಅವುಗಳಿಗೆ ಲೇಬಲ್ ಬೀಳಲಿಲ್ಲ. ಅವರ ಬೋರ್ಡಿನಲ್ಲಿ ಹನ್ನೊಂದೂ ಕಣ್ಣಿಗೆ ಹೊಡೆಯೋ ಹಾಗಿದ್ದವು, ಪ್ಲಾನ್‌ನಲ್ಲಿ ಒಂದೂ ಇರಲಿಲ್ಲ. ಟೈಮ್‌ಲೈನ್‌ನಲ್ಲಿ ರೀಫಂಡ್ ಕೆಲಸದ ಗೆರೆ ಶುಕ್ರವಾರಕ್ಕೇ ಮುಗಿದು ಹಸಿರಾಗಿ ಕಾಣ್ತಿತ್ತು.

ಸೋಮವಾರ ಟೆಸ್ಟಿಂಗ್‌ನ ಹುಡುಗಿ ಹೊಸ ಬಿಲ್ಡ್ (ಟೆಸ್ಟ್‌ಗೆ ಕೊಟ್ಟ ಆ್ಯಪ್‌ನ ಆವೃತ್ತಿ) ನೋಡಿ ಫೋನ್ ಮಾಡಿದಳು: "ಸರ್, ಈ ಬಿಲ್ಡ್‌ನಲ್ಲಿ ರೀಫಂಡೇ ಇಲ್ವಲ್ಲ, ಏನು ಟೆಸ್ಟ್ ಮಾಡ್ಲಿ?"

ಮೀಟಿಂಗ್‌ನಲ್ಲಿ ಬೈಸಿಕೊಂಡವರು ಪೇಮೆಂಟ್‌ನವರು. ನನಗೆ ಹೊಟ್ಟೆ ಉರಿದಿದ್ದು ಅಲ್ಲಿ. ಅವರು ಮುಚ್ಚಿಟ್ಟಿದ್ದು ಏನೂ ಇರಲಿಲ್ಲ, ದಿನಾ ಬೆಳಿಗ್ಗೆ ಬೋರ್ಡ್ ತಿದ್ದುತ್ತಾ ಇದ್ದರು. ನೋಡಬೇಕಾದವರು ಬೇರೆ ಕಡೆ ನೋಡ್ತಾ ಕೂತಿದ್ದರು.

ನನ್ನ ಅಭಿಪ್ರಾಯ ನೇರವಾಗಿದೆ. ಯಾವ ಬೋರ್ಡಿನ ಮುಂದೆ ನಿಂತು ಟೀಮು ದಿನಾ ಮಾತಾಡುತ್ತೋ ಅದೇ ಬೋರ್ಡ್ ಪ್ಲಾನ್‌ಗೆ ಮೂಲ ಆಗಬೇಕು. ಸ್ಪ್ರಿಂಟ್ ಲೆಕ್ಕದಲ್ಲಿ, ಅಂದರೆ ಕೆಲವು ವಾರಗಳ ಕಂತುಗಳಲ್ಲಿ, ಕೆಲಸ ಮಾಡೋ ಟೀಮಿಗಂತೂ ಆ ಕಂತುಗಳನ್ನು ತೋರಿಸೋ ಅವರ ಸ್ಕ್ರಮ್ ಬೋರ್ಡನ್ನೇ ಜೋಡಿಸಬೇಕು, ಯಾವ ಸ್ಪ್ರಿಂಟ್‌ಗೆ ಎಷ್ಟು ಹೊರೆ ಅನ್ನೋದು ಆಗಲೇ ತಿಳಿಯೋದು. ಫಿಲ್ಟರ್ ಬೇಡ ಅಂತಲ್ಲ. ಒಂದು ಪ್ಲಾನ್‌ಗೆ 5,000 ಟಿಕೆಟ್‌ಗಳ ಮಿತಿ ಇದೆ, ಹಳೇ ದೊಡ್ಡ ಪ್ರಾಜೆಕ್ಟ್ ಇಡಿಯಾಗಿ ಎಳೆದರೆ ಅದು ತುಂಬಿಹೋಗಬಹುದು. ಆಗ ಫಿಲ್ಟರ್ ಬೇಕೇ ಬೇಕು. ಆದರೆ ಯಾರೋ ಮರೆಯದೆ ಹಾಕಬೇಕಾದ ಲೇಬಲ್ ಮೇಲೆ ಅದನ್ನು ಕಟ್ಟಬೇಡಿ.

ಇನ್ನೊಂದು ವಿಷಯ. ಪ್ಲಾನ್‌ನಲ್ಲಿ ದಿನಾಂಕ ಎಳೆದಾಡಿದರೆ ಅದು ಟೀಮಿನ ಟಿಕೆಟ್‌ಗೆ ತಾನಾಗಿ ಹೋಗಲ್ಲ, ಬದಲಾವಣೆಗಳನ್ನು ಪರಿಶೀಲಿಸಿ ಸೇವ್ ಮಾಡಬೇಕು. ಮ್ಯಾನೇಜರ್ ಪರದೆ ಮೇಲೆ ಒಂದು ತಾರೀಕು, ಹುಡುಗರ ಟಿಕೆಟ್‌ನಲ್ಲಿ ಇನ್ನೊಂದು ತಾರೀಕು ಇರೋದನ್ನು ನಾನೇ ಕಂಡಿದ್ದೀನಿ. ಟಿಕೆಟ್ ನೋಡೋ ಅನುಮತಿ ಇಲ್ಲದವರಿಗೆ ಅದು ಪ್ಲಾನ್‌ನಲ್ಲೂ ಕಾಣಲ್ಲ. ಹಾಗಾಗಿ ಒಂದೇ ಪ್ಲಾನ್ ತೆರೆದ ಇಬ್ಬರು ಬೇರೆ ಬೇರೆ ಚಿತ್ರ ನೋಡ್ತಾ ವಾದ ಮಾಡ್ತಿರಬಹುದು.

ಈ ವಾರ ಮೂರೂ ಬೋರ್ಡ್ ಜೋಡಿಸಿ ಹೊಸ ಪ್ಲಾನ್ ಮಾಡಿದೆ. ಕೆಲಸ ಮುಗಿಯೋ ತಾರೀಕು ಹತ್ತು ದಿನ ಮುಂದಕ್ಕೆ ಹೋಯ್ತು. ಮೇಲಿನವರಿಗೆ ಅದನ್ನೇ ಕಳಿಸಿದ್ದೀನಿ.