ಹೆಲಿಕಾಪ್ಟರಿನ ಮಂಡಿಗಿರಕಿ

ನನ್ನ ಹೆಲಿಕಾಪ್ಟರ್ ಮೊದಲ ಸಲ ನೆಲ ಬಿಟ್ಟಾಗ ಏರಿದ್ದು ಒಂದು ಗೇಣು. ಆ ಒಂದು ಗೇಣಿನ ಎತ್ತರದಲ್ಲೇ ಅದು ಯಕ್ಷಗಾನದ ಪುಂಡುವೇಷದವರನ್ನು ನಾಚಿಸುವಂತೆ ಮಂಡಿಗಿರಕಿ ಹೊಡೆಯಿತು. ಸುತ್ತು ಎಣಿಸಲು ನನಗೆ ಪುರುಸೊತ್ತು ಕೊಡಲಿಲ್ಲ. ಮಗ್ಗುಲಿಗೆ ಒರಗಿ, ಕಟಪಾಡಿಯ ಗದ್ದೆಯ ಮಣ್ಣನ್ನು ಒಂದು ಹಿಡಿಯಷ್ಟು ನನ್ನ ಮುಖಕ್ಕೆ ಎರಚಿ ಸುಮ್ಮನಾಯಿತು. ಹಾರಾಟ ಒಟ್ಟು ಎರಡು ಸೆಕೆಂಡು. ಜೋಡಿಸಲು ಹಿಡಿದದ್ದು ಹತ್ತೊಂಬತ್ತು ರಾತ್ರಿ.

ಇದಕ್ಕೆಲ್ಲ ಕಾರಣ ಅಕ್ಕನ ಮಗ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ರಜೆಯಲ್ಲಿ ನಮ್ಮ ಮನೆಗೆ ಬಂದು ಉಣ್ಣುತ್ತಾನೆ. ಒಂದು ರಾತ್ರಿ ಊಟದ ನಡುವೆ ಹೇಳಿದ: "ಮಾವ, ಡ್ರೋನ್ ಹಾರಿಸುವುದರಲ್ಲಿ ಏನೂ ಇಲ್ಲ. ಕೈ ಬಿಟ್ಟರೂ ಅದು ಇದ್ದಲ್ಲೇ ನಿಲ್ಲುತ್ತದೆ. ಹೆಲಿಕಾಪ್ಟರ್ ತಾನಾಗಿ ನಿಲ್ಲುವುದಿಲ್ಲ, ನಾವೇ ನಿಲ್ಲಿಸಬೇಕು." ಇಪ್ಪತ್ತೆರಡು ವರ್ಷದಿಂದ ಸಹಕಾರಿ ಸಂಘದ ಕೌಂಟರಿನಲ್ಲಿ ಕುಳಿತು ಊರಿಗೆ ಊರನ್ನೇ ಸಾಲಿನಲ್ಲಿ ನಿಲ್ಲಿಸಿದವನು ನಾನು. ಎರಡು ಅಡಿ ಉದ್ದದ, ಮುಕ್ಕಾಲು ಕಿಲೋ ತೂಕದ ಒಂದು ಯಂತ್ರವನ್ನು ನಿಲ್ಲಿಸಲಾರೆನೇ?

ಅವನ ಕಾಲೇಜಿನಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ಹುಡುಗನೊಬ್ಬ ತನ್ನದನ್ನು ಅರ್ಧ ಬೆಲೆಗೆ ಕೊಟ್ಟ. ಹೆಲಿಕಾಪ್ಟರ್ ನಮ್ಮ ಮನೆಗೆ ಬಂದದ್ದು ಬಿಸ್ಕತ್ತಿನ ಡಬ್ಬಿಯಲ್ಲಿ. ಮುಚ್ಚಳ ತೆಗೆದಾಗ ಕಂಡದ್ದು ಗಡಿಯಾರ ರಿಪೇರಿಯವನ ಮೇಜು. ಅದರಲ್ಲಿದ್ದ ಅತಿ ದೊಡ್ಡ ಸ್ಕ್ರೂ ಅಕ್ಕಿಕಾಳಿನಷ್ಟು, ಸಣ್ಣದು ಸಾಸಿವೆಗಿಂತ ಒಂದು ಸುತ್ತು ದೊಡ್ಡದು. ನಮ್ಮದು ರೆಡ್ ಆಕ್ಸೈಡ್ ನೆಲ. ಬಿದ್ದದ್ದು ಹಾರಿ ಎಲ್ಲಿ ಹೋಗುತ್ತದೆಂದು ಆ ದೇವರಿಗೂ ಗೊತ್ತಾಗದು. ಅಮ್ಮ ಬೆಳಿಗ್ಗೆ ಹಿಡಿಸೂಡಿಯಲ್ಲಿ ಗುಡಿಸಿ ದಿನಕ್ಕೆ ಎರಡೋ ಮೂರೋ ಹೆಕ್ಕಿ ಒಲೆಯ ಕಟ್ಟೆಯ ಮೇಲೆ ಇಡುತ್ತಿದ್ದಳು. ಅವು ಒಗ್ಗರಣೆಗೆ ಬೀಳದೆ ಉಳಿದದ್ದು ನಮ್ಮ ಹಲ್ಲುಗಳ ಪುಣ್ಯ.

ಲೋಹಕ್ಕೆ ಲೋಹ ಕಚ್ಚುವ ಪ್ರತಿ ಸ್ಕ್ರೂವಿಗೂ ನೀಲಿ ಅಂಟಿನ ಒಂದು ಹನಿ ಹಾಕಬೇಕು, ಇಲ್ಲದಿದ್ದರೆ ಹಾರುವಾಗಿನ ನಡುಕಕ್ಕೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿಗೆ ಮಾತ್ರ ಹಾಕಬಾರದು, ಹಾಕಿದರೆ ಪ್ಲಾಸ್ಟಿಕ್ಕೇ ಬಿರುಕು ಬಿಡಬಹುದು. ನಾನು ಎರಡನ್ನೂ ತಿರುಗಾಮುರುಗಾ ನೆನಪಿಟ್ಟುಕೊಂಡಿದ್ದೆ. ಅಲ್ಲಿಗೆ ಆರು ರಾತ್ರಿ ಹೋಯಿತು.

ಈ ಯಂತ್ರದ ಪ್ರಾಣ ಇರುವುದು ಸ್ವಾಶ್‌ಪ್ಲೇಟ್ ಎಂಬ ಭಾಗದಲ್ಲಿ. ಒಂದರ ಮೇಲೊಂದು ಕುಳಿತ ಎರಡು ಬಳೆ ಎಂದುಕೊಳ್ಳಿ. ಕೆಳಗಿನದು ತಿರುಗುವುದಿಲ್ಲ, ಮೇಲಿನದು ರೆಕ್ಕೆಗಳ ಜತೆ ತಿರುಗುತ್ತದೆ. ಮೂರು ಪುಟ್ಟ ಸರ್ವೋ ಮೋಟಾರುಗಳು ಕೆಳಗಿನ ಬಳೆಯನ್ನು ಒಟ್ಟಿಗೇ ಎತ್ತಿದರೆ ಎರಡೂ ರೆಕ್ಕೆಗಳ ಓರೆ ಹೆಚ್ಚಿ ಹೆಲಿಕಾಪ್ಟರ್ ಮೇಲೇರುತ್ತದೆ. ಬಳೆಯನ್ನು ಒಂದು ಕಡೆಗೆ ವಾಲಿಸಿದರೆ ಅದೂ ಆ ಕಡೆಗೆ ವಾಲಿಕೊಂಡು ಹೋಗುತ್ತದೆ. ಕೈಯಲ್ಲಿರುವ ರಿಮೋಟಿನ ಕಡ್ಡಿ ನಡುವಿನಲ್ಲಿದ್ದಾಗ ಬಳೆ ಮಟ್ಟಸವಾಗಿರಬೇಕು, ರೆಕ್ಕೆಯ ಓರೆ ಸೊನ್ನೆ ಡಿಗ್ರಿ ಇರಬೇಕು. ಸಂಘದಲ್ಲಿ ದಿನದ ಲೆಕ್ಕ ಪೈಸೆಗೆ ಪೈಸೆ ತಾಳೆಯಾಗದೆ ನಾನು ಎದ್ದವನಲ್ಲ. ಇಲ್ಲಿ ಒಂದು ರೆಕ್ಕೆ ಸೊನ್ನೆಗೆ ಬಂದರೆ ಇನ್ನೊಂದು ಎರಡಕ್ಕೆ ಹೋಗುತ್ತಿತ್ತು. ಈ ಹೊಂದಾಣಿಕೆ ಮಾಡುವಾಗ ರೆಕ್ಕೆ ತಿರುಗಿಸುವ ದೊಡ್ಡ ಮೋಟಾರಿನ ವಯರು ಬಿಚ್ಚಿಡಬೇಕೆಂದು ಅಳಿಯ ಕಟ್ಟುನಿಟ್ಟಾಗಿ ಹೇಳಿದ್ದ. ನನಗೆ ಈಗಲೂ ಹತ್ತು ಬೆರಳು ಇರುವುದಕ್ಕೆ ಅವನೇ ಕಾರಣ; ಅಡುಗೆಮನೆಯ ಮೇಜಿನ ಮೇಲೆ ನಿಮಿಷಕ್ಕೆ ಎರಡೂವರೆ ಸಾವಿರ ಸುತ್ತು ತಿರುಗುವ ರೆಕ್ಕೆಯ ತುದಿ ಗಂಟೆಗೆ ಮುನ್ನೂರು ಕಿಲೋಮೀಟರ್ ವೇಗವನ್ನು ದಾಟಿರುತ್ತದೆ.

ರೆಕ್ಕೆಗಳು ಜೋಡಿಯಾಗಿ ಒಂದೇ ತೂಕ ಇರಬೇಕು. ಮನೆಯ ತಕ್ಕಡಿ ಗ್ರಾಮಿನ ಕೆಳಗೆ ಇಳಿಯುವುದಿಲ್ಲ. ಹಾಗಾಗಿ ಎರಡನ್ನೂ ಪೇಪರಿನಲ್ಲಿ ಸುತ್ತಿ ಪೇಟೆಯ ಚಿನ್ನದ ಕೆಲಸದ ಆಚಾರಿಯವರ ಬಳಿಗೆ ಹೋದೆ. ಅವರು ಕನ್ನಡಕ ಏರಿಸಿ, ರೆಕ್ಕೆಯನ್ನು ಬೆಳಕಿಗೆ ಹಿಡಿದು, ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿಟ್ಟರು. ಮುನ್ನೂರು ಮಿಲಿಗ್ರಾಂ ವ್ಯತ್ಯಾಸ ಬಂತು. "ಒಂದರಲ್ಲಿ ಬೆಸುಗೆ ಜಾಸ್ತಿಯಾಗಿದೆ" ಎಂದರು ಗಂಭೀರವಾಗಿ. ಆಮೇಲೆ ಕೇಳಿದರು: "ಹಾಲ್‌ಮಾರ್ಕ್ ಇಲ್ಲವಾ?" ಹಗುರಾಗಿದ್ದ ರೆಕ್ಕೆಗೆ ಅವರೇ ಅಂಟುಪಟ್ಟಿಯ ತುಣುಕು ಸುತ್ತಿ ಸರಿದೂಗಿಸಿ ಕೊಟ್ಟರು. ಕೂಲಿ ತೆಗೆದುಕೊಳ್ಳಲಿಲ್ಲ. ಆದರೆ ಆ ದಿನದಿಂದ ದಾರಿಯಲ್ಲಿ ಸಿಕ್ಕಾಗಲೆಲ್ಲ "ಕತ್ತಿ ಹೇಗುಂಟು?" ಎಂದು ವಿಚಾರಿಸುತ್ತಾರೆ, ಜತೆಯಲ್ಲಿದ್ದವರು ನನ್ನನ್ನು ಒಂದು ಥರ ನೋಡುತ್ತಾರೆ.

ಇನ್ನು ಬ್ಯಾಟರಿ. ಮೂರು ಕೋಶಗಳ ಲಿಥಿಯಂ ಪಾಲಿಮರ್. ಒಂದೊಂದು ಕೋಶ 4.2 ವೋಲ್ಟಿಗೆ ತುಂಬುತ್ತದೆ, ಅದಕ್ಕಿಂತ ಮೇಲೆ ಹೋದರೆ ಉಬ್ಬಿ ಬೆಂಕಿ ಹಿಡಿಯುವ ಜಾತಿ. ಉಪಯೋಗಿಸದೆ ಇಡುವಾಗ ಪೂರ್ತಿ ತುಂಬಿಸಿಯೂ ಇಡಬಾರದು, ಬರಿದು ಮಾಡಿಯೂ ಇಡಬಾರದು, ಕೋಶಕ್ಕೆ 3.8ರಷ್ಟು ಇರಬೇಕು. ನಮ್ಮ ಮನೆಗೆ ಬರುವ ಕೆಲವು ನೆಂಟರೂ ಹೀಗೆಯೇ. ಬೆಂಕಿಗೆ ಜಗ್ಗದ ಪಾತ್ರೆಯಲ್ಲಿಟ್ಟು ಕಣ್ಣೆದುರೇ ಚಾರ್ಜ್ ಮಾಡು ಎಂದ ಅಳಿಯ. ಮನೆಯಲ್ಲಿ ಬೆಂಕಿಗೆ ಜಗ್ಗದ್ದು ಒಂದೇ: ಅಮ್ಮನ ಮೀನು ಸಾರಿನ ಮಣ್ಣಿನ ಮಡಕೆ. ಬ್ಯಾಟರಿಯನ್ನು ಅದರೊಳಗಿಟ್ಟು ಪಕ್ಕದಲ್ಲಿ ಮರಳಿನ ಬಕೆಟು ಇಟ್ಟುಕೊಂಡು ಕಾವಲು ಕುಳಿತೆ. ಅಮ್ಮನಿಗೆ ಗೊತ್ತಾದ ದಿನದ ಮಾತುಗಳು ಇಲ್ಲಿ ಬೇಡ. ಕೊನೆಗೆ ರಾಜಿಯಾದದ್ದು ಹೀಗೆ: ಮೀನಿಲ್ಲದ ದಿನ ಮಡಕೆ ನನ್ನದು, ಮೀನಿದ್ದ ದಿನ ಅವಳದು. ಕಟಪಾಡಿಯಲ್ಲಿ ಮೀನಿಲ್ಲದ ದಿನ ಎಷ್ಟೆಂದು ಬಲ್ಲವರೇ ಬಲ್ಲರು.

ಮೊದಲ ದಿನದ ಮಂಡಿಗಿರಕಿಗೆ ಕಾರಣ ಗೈರೋ. ಮೇಲಿನ ರೆಕ್ಕೆ ಒಂದು ಕಡೆಗೆ ತಿರುಗಿದರೆ ದೇಹ ಎದುರು ಕಡೆಗೆ ತಿರುಗಲು ನೋಡುತ್ತದೆ. ಅದನ್ನು ತಡೆಯುವುದು ಬಾಲದ ಪುಟ್ಟ ರೆಕ್ಕೆ, ಎಷ್ಟು ತಡೆಯಬೇಕೆಂದು ಹೇಳಿಕೊಡುವುದು ಗೈರೋ. ಅದರಲ್ಲೊಂದು ಚಿಕ್ಕ ಗುಂಡಿ ಇದೆ, ನೇರ ಮತ್ತು ತಿರುಗು ಎಂದು. ನನ್ನದು ತಿರುಗಾಗಿತ್ತು. ಅಂದರೆ ಬಾಲ ಎಡಕ್ಕೆ ಜಾರಿದಾಗ ಅದನ್ನು ಬಲಕ್ಕೆ ತರುವ ಬದಲು, ಹೋಗು ಹೋಗು ಎಂದು ಎಡಕ್ಕೇ ನೂಕುತ್ತಿತ್ತು. ಹಾರಿಸುವ ಮೊದಲು ಕೈಯಲ್ಲಿ ಬಾಲ ತಿರುಗಿಸಿ, ಸರ್ವೋ ಯಾವ ಕಡೆಗೆ ಎಳೆಯುತ್ತದೆಂದು ನೋಡಿದ್ದರೆ ಸಾಕಿತ್ತು. ಹತ್ತು ಸೆಕೆಂಡಿನ ಕೆಲಸ. ಆ ಹತ್ತು ಸೆಕೆಂಡಿಗೆ ನಾನು ತೆತ್ತದ್ದು: ರೆಕ್ಕೆ ಒಂದು ಜತೆ, ರೆಕ್ಕೆಗಳ ನಡುವಿನ ಉಕ್ಕಿನ ಸರಳು, ಹಲ್ಲು ಉದುರಿದ ದೊಡ್ಡ ಗಿಯರು, ಬಾಳೆದಿಂಡಿನಂತೆ ಬಾಗಿದ ಬಾಲದ ಕೊಳವೆ. ಬೀಳುವಾಗ ಇವು ನಾಲ್ಕೂ ಒಗ್ಗಟ್ಟಿನಿಂದ ಮುರಿಯುತ್ತವೆ. ನಮ್ಮ ಸಂಘದ ನಿರ್ದೇಶಕರಲ್ಲೂ ನಾನು ಇಂಥ ಒಗ್ಗಟ್ಟು ಕಂಡಿಲ್ಲ.

ಬಿಡಿಭಾಗ ಬರುವವರೆಗೆ ಅಳಿಯ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದ. ಸಿಮ್ಯುಲೇಟರಿನಲ್ಲಿ ಬಿದ್ದರೆ ಖರ್ಚಿಲ್ಲ, ಒಂದು ಗುಂಡಿ ಒತ್ತಿದರೆ ಹೆಲಿಕಾಪ್ಟರ್ ಎದ್ದು ನಿಲ್ಲುತ್ತದೆ. ಒಂದು ತಿಂಗಳು ಬೀಳಿಸಿದೆ. ತಿಂಗಳ ಕೊನೆಗೆ ಪರದೆಯ ಮೇಲೆ ಅದು ನಿಂತಲ್ಲಿ ನಿಲ್ಲತೊಡಗಿತು, ನನಗೆ ಸೊಕ್ಕು ಬಂತು.

ಕಲಿಯುವವರು ಹೆಲಿಕಾಪ್ಟರಿನ ಕಾಲಿಗೆ ಅಡ್ಡಡ್ಡ ಎರಡು ಕಡ್ಡಿ ಕಟ್ಟಿ, ತುದಿಗಳಿಗೆ ಚೆಂಡು ಸಿಕ್ಕಿಸುತ್ತಾರೆ, ವಾಲಿದರೆ ರೆಕ್ಕೆ ನೆಲಕ್ಕೆ ಬಡಿಯದಿರಲಿ ಎಂದು. ನಾನು ಬಿದಿರು ಸೀಳಿ ತೆಳ್ಳಗೆ ಕೆತ್ತಿ ಟೇಬಲ್ ಟೆನಿಸ್ ಚೆಂಡು ಅಂಟಿಸಿದೆ. ದೀಪಾವಳಿಯ ಹೊತ್ತು. ಜಗಲಿಯಲ್ಲಿ ಬಿದಿರು ಕಡ್ಡಿ ಹಿಡಿದು ಕುಳಿತವನನ್ನು ನೋಡಿ ದಾರಿಯಲ್ಲಿ ಹೋಗುವವರೆಲ್ಲ "ಗೂಡುದೀಪವಾ? ಬಣ್ಣದ ಕಾಗದ ಎಲ್ಲಿ?" ಎಂದು ಕೇಳಿದರು. ಒಬ್ಬರು ಮಗನನ್ನು ಕರೆತಂದು ತೋರಿಸಿ, "ನೋಡು, ಈಗಿನ ಕಾಲದಲ್ಲೂ ಕೈಯಾರೆ ಮಾಡುತ್ತಾರೆ" ಎಂದರು. ನಾನು ಅಲ್ಲವೆನ್ನಲಿಲ್ಲ.

ಗೂಡುದೀಪದ ಕಾಲು ಕಟ್ಟಿಕೊಂಡ ಹೆಲಿಕಾಪ್ಟರ್ ಗದ್ದೆಯಲ್ಲಿ ಏಳುವುದೇ ತಡ, ಎಡಕ್ಕೆ ಜಾರುತ್ತಿತ್ತು. ಗದ್ದೆಯೇ ಓರೆ ಎಂದುಕೊಂಡೆ. ಜಾಗ ಬದಲಿಸಿದೆ, ಮತ್ತೂ ಎಡಕ್ಕೆ. ಕಡಲಿನ ಗಾಳಿಯನ್ನು ಬೈದೆ. ಬೆಳಿಗ್ಗೆ ಆರೂವರೆಗೆ ಕಡಲಿನಿಂದ ಗಾಳಿ ಎಲ್ಲಿಂದ ಬರಬೇಕು? ಬಾಲದ ರೆಕ್ಕೆ ದೇಹ ತಿರುಗದಂತೆ ತಡೆಯುವಾಗ ಇಡೀ ಯಂತ್ರವನ್ನೇ ಪಕ್ಕಕ್ಕೆ ನೂಕುತ್ತಿರುತ್ತದಂತೆ. ಹಾಗಾಗಿ ನೆಟ್ಟಗೆ ನಿಲ್ಲಬೇಕಾದರೆ ಹೆಲಿಕಾಪ್ಟರ್ ಚೂರು ಬಲಕ್ಕೆ ವಾಲಿಯೇ ನಿಲ್ಲಬೇಕು.

ಸಿಕೋರ್ಸ್ಕಿ ಎಂಬವರು 1939ರಲ್ಲಿ ತಮ್ಮ ವಿಎಸ್-300 ಹೆಲಿಕಾಪ್ಟರನ್ನು ಮೊದಲು ಎತ್ತಿದ್ದು ಅದನ್ನು ಹಗ್ಗದಿಂದ ಕಟ್ಟಿ ಎಂದು ಎಲ್ಲೋ ಓದಿದ್ದೆ. ದೊಡ್ಡವರು ಮಾಡಿದ್ದರಲ್ಲಿ ತಪ್ಪೇನು ಎಂದು ಹಟ್ಟಿಯಿಂದ ದನದ ಹಗ್ಗ ತಂದೆ. ಅಳಿಯ ಅದನ್ನು ಕಿತ್ತುಕೊಂಡ. "ಮಾವ, ಒಂದು ಕಡೆಯಿಂದ ಎಳೆದು ಹಿಡಿದರೆ ಅದು ಅಲ್ಲಿಯೇ ಮಗುಚುತ್ತದೆ. ಹಗ್ಗವೂ ರೆಕ್ಕೆಗೆ ಸುತ್ತಿಕೊಳ್ಳುತ್ತದೆ." ಹಗ್ಗ ಹಟ್ಟಿಗೆ ಮರಳಿತು. ಅಲ್ಲಿ ಅದರ ನಿಜವಾದ ವಾರಸುದಾರಳು ಅಷ್ಟರಲ್ಲಿ ಹೊರಟುಹೋಗಿದ್ದಳು, ಮಧ್ಯಾಹ್ನದವರೆಗೆ ಹುಡುಕಬೇಕಾಯಿತು.

ಈ ನಡುವೆ ಬಜ್ಪೆಯಲ್ಲಿರುವ ಭಾವ, "ನಮ್ಮಲ್ಲಿಗೆ ತನ್ನಿ, ಮೈದಾನ ಉಂಟು" ಎಂದರು. ವಿಮಾನ ನಿಲ್ದಾಣದ ಬುಡದಲ್ಲಿ ಅನುಮತಿಯಿಲ್ಲದೆ ಇಂಥದ್ದನ್ನು ಎತ್ತುವಂತಿಲ್ಲ. 2021ರ ಡ್ರೋನ್ ನಿಯಮಗಳು ಹಸಿರು ವಲಯವೆಂದು ಗುರುತಿಸಿದ ಕಡೆ ಬೇಕಾದರೆ ನಾನ್ನೂರು ಅಡಿಯವರೆಗೆ ಹೋಗಬಹುದು. ನಾನು ಈವರೆಗೆ ನಾಲ್ಕು ಅಡಿ ದಾಟಿಲ್ಲವಾದ್ದರಿಂದ ಸರಕಾರಕ್ಕೂ ನನಗೂ ತಕರಾರಿಲ್ಲ.

ತಕರಾರು ಬಂದದ್ದು ಮಟ್ಟುಗುಳ್ಳದ ಗದ್ದೆಯ ಅಕ್ಕನದು. ಮಟ್ಟುಗುಳ್ಳವೆಂದರೆ ಸಾಮಾನ್ಯ ಬದನೆಯಲ್ಲ. ವಾದಿರಾಜ ಗುರುಗಳು ಕೊಟ್ಟ ಬೀಜದ ಬೆಳೆಯೆಂದು ಊರು ನಂಬಿದೆ, 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಜನವರಿಯ ಒಂದು ಬೆಳಿಗ್ಗೆ, ಬಿದಿರಿನ ಕಾಲು ಕಳಚಿ, ಅಳಿಯ ಇಲ್ಲದ ಹೊತ್ತು ನೋಡಿ ಹಾರಿಸಿದೆ. ಚೆನ್ನಾಗಿಯೇ ಎದ್ದಿತು. ಆದರೆ ಮೆಲ್ಲನೆ ಮುಖವನ್ನು ನನ್ನ ಕಡೆಗೆ ತಿರುಗಿಸಿತು. ಬಾಲ ನಮ್ಮ ಕಡೆಗಿದ್ದಾಗ ಅದರ ಎಡ ನಮ್ಮ ಎಡ. ಮುಖ ನಮ್ಮ ಕಡೆಗಾದರೆ ಅದರ ಎಡ ನಮ್ಮ ಬಲ. ಕನ್ನಡಿಯ ಮುಂದೆ ನಿಂತು ಮೀಸೆ ಕತ್ತರಿಸುವವನ ಕಷ್ಟ. ಗದ್ದೆಯಂಚಿನ ಕಡೆಗೆ ಜಾರಿತೆಂದು ಕಡ್ಡಿಯನ್ನು ಇತ್ತ ಎಳೆದೆ, ಅದು ಇನ್ನೂ ಅತ್ತ ಹೋಯಿತು. ಹೆಚ್ಚು ಎಳೆದೆ, ಹೆಚ್ಚು ಹೋಯಿತು. ಅಂಚು ದಾಟಿ ಗುಳ್ಳದ ಸಾಲಿನ ಮೇಲೆ ಬಂದಾಗ ಗಾಬರಿಯಲ್ಲಿ ಎಡಗೈಯ ಕಡ್ಡಿಯನ್ನು ಪೂರ್ತಿ ಕೆಳಗೆ ಎಳೆದೆ. ಮೋಟಾರನ್ನು ತಕ್ಷಣ ನಿಲ್ಲಿಸುವ ಗುಂಡಿ ಬೇರೆಯೇ ಇದೆ, ಅದಕ್ಕೆ ಬೆರಳು ಹೋಗಲಿಲ್ಲ. ಕಡ್ಡಿ ಕೆಳಗಿಳಿದರೆ ರೆಕ್ಕೆಯ ಓರೆ ಸೊನ್ನೆಗಿಂತಲೂ ಕೆಳಗಿಳಿಯುತ್ತದೆ, ಆಗ ಅದು ಬೀಳುವುದಲ್ಲ, ತನ್ನನ್ನು ತಾನೇ ನೆಲಕ್ಕೆ ಕುಕ್ಕಿಕೊಳ್ಳುತ್ತದೆ.

ಅಕ್ಕ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು. "ನವಿಲು ಬಂದರೆ ಕಲ್ಲು ಬಿಸಾಡಿ ಓಡಿಸುತ್ತೇನೆ. ಇದಕ್ಕೆ ಎಂಥದು ಬಿಸಾಡುವುದು?" ನನ್ನಲ್ಲಿ ಉತ್ತರ ಇರಲಿಲ್ಲ. ಅವರು ಬಗ್ಗಿ ಐದು ಗುಳ್ಳ ಹೆಕ್ಕಿದರು. ಎರಡು ನಡುವೆ ಸರಿಯಾಗಿ ಹೋಳಾಗಿದ್ದವು. ಕೊಯ್ದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ, "ಹುಳಿಗೆ ಹೆಚ್ಚಿದ ಹಾಗೆ ಹೆಚ್ಚಿದೆ" ಎಂದರು. ಆ ಸ್ವರದಲ್ಲಿ ಕೋಪ ಅರ್ಧ, ಮೆಚ್ಚುಗೆ ಅರ್ಧ. ಐದನ್ನೂ ತೂಗಿ ಕಿಲೋ ದರದಲ್ಲಿ ದುಡ್ಡು ತೆಗೆದುಕೊಂಡು ನನ್ನ ಚೀಲಕ್ಕೆ ಹಾಕಿದರು. ನಾನು ಹೊರಟಾಗ ಹಿಂದಿನಿಂದ ಕೂಗಿದರು: "ಅದು ತೆಂಗಿನಕಾಯಿ ಕೊಯ್ಯುತ್ತದಾ? ಮರ ಹತ್ತುವ ಜನ ಸಿಕ್ಕದೆ ಎರಡು ತಿಂಗಳಾಯಿತು."

ಗುಳ್ಳದ ಹುಳಿ ಎಲ್ಲರಿಗೂ ಹಿಡಿಸಿತು. ಒಂದು ಹೋಳಿನಲ್ಲಿ ಹೆಂಡತಿಗೆ ಸ್ಕ್ರೂ ಸಿಕ್ಕಿತು. ಬಾಯಿಂದ ತೆಗೆದು ತಟ್ಟೆಯ ಅಂಚಿಗಿಟ್ಟು, "ಇದಕ್ಕೆ ನೀಲಿ ಅಂಟು ಹಾಕಿರಲಿಲ್ಲವಾ?" ಎಂದಷ್ಟೇ ಕೇಳಿದಳು.

ಕಳೆದ ಭಾನುವಾರ ಅದು ನಿಂತಿತು. ಬಾಲ ನನ್ನ ಕಡೆಗೆ, ಎದೆಮಟ್ಟದಲ್ಲಿ, ಚೂರೇ ಬಲಕ್ಕೆ ವಾಲಿಕೊಂಡು. ಅಳಿಯ ಮೊಬೈಲಿನಲ್ಲಿ ಎಣಿಸುತ್ತಿದ್ದ. ತೆಂಗಿನ ಮರಗಳ ಮೇಲೆ ಒಂದು ಗರುಡ ರೆಕ್ಕೆ ಅಲುಗಿಸದೆ ಗಾಳಿಗೆ ಮೈಕೊಟ್ಟು ನಿಂತಿತ್ತು. ಬೇರೆ ದಿನವಾಗಿದ್ದರೆ ಕೈಮುಗಿಯುತ್ತಿದ್ದೆ, ಎರಡೂ ಕೈಗೆ ಕೆಲಸವಿತ್ತು. ಹೆಬ್ಬೆರಳುಗಳು ಒಂದು ಕ್ಷಣವೂ ಬಿಡುವಿಲ್ಲದೆ ಅಕ್ಕಿಕಾಳಿನಷ್ಟು ಅತ್ತ, ಅಕ್ಕಿಕಾಳಿನಷ್ಟು ಇತ್ತ. ನಲವತ್ತು ಸೆಕೆಂಡು. ಇಳಿಸಿದಾಗ ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

ಮನೆಗೆ ಓಡಿಬಂದು, ಮತ್ತೊಂದು ಹಾರಾಟಕ್ಕೆಂದು ಎರಡನೆಯ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ, ಮರಳಿನ ಬಕೆಟು ಪಕ್ಕಕ್ಕೆಳೆದು, ಕುಳಿತಲ್ಲಿಂದಲೇ ಕೂಗಿದೆ. ಅಮ್ಮ ಹಿತ್ತಲ ಬಾಗಿಲಲ್ಲಿ ಮೀನು ಹೆಚ್ಚುತ್ತಿದ್ದಳು.

"ನಲವತ್ತು ಸೆಕೆಂಡು ಹಾರಿತಮ್ಮ!"

"ಎಲ್ಲಿಯವರೆಗೆ ಹೋಯಿತು?"

"ಎಲ್ಲಿಗೂ ಹೋಗಲಿಲ್ಲ. ಬಿಟ್ಟಲ್ಲೇ ನಿಂತಿತ್ತು."

ಅಮ್ಮ ಕತ್ತಿ ನಿಲ್ಲಿಸಿ ನನ್ನ ಮುಖ ನೋಡಿದಳು. "ನಿಲ್ಲಲಿಕ್ಕೇ ಆದರೆ, ಕಪಾಟಿನ ಮೇಲೆ ಚೆನ್ನಾಗಿ ನಿಂತಿತ್ತಲ್ಲ ಮಾರಾಯ."

ಆಮೇಲೆ ಹೆಚ್ಚಿದ ಬಂಗುಡೆಯನ್ನು ತೊಳೆದು ಒಳಗೆ ತಂದವಳು, ಒಲೆಯ ಕಟ್ಟೆಯ ಮೇಲೆ ಅತ್ತಿತ್ತ ನೋಡಿ, ಮಡಕೆ ಎಲ್ಲಿ ಎಂದು ಕೇಳಿದಳು. ಚಾರ್ಜ್ ತುಂಬಲು ಇನ್ನೂ ಮೂವತ್ತೈದು ನಿಮಿಷ ಇತ್ತು.