ತಾಳ ಹಾಕೋ ಕೈಯಲ್ಲಿ ಫೋನು

ನಿನ್ನೆ ಸಂಜೆ ನಮ್ಮನೆ ಹತ್ತಿರದ ಒಂದು ಸಣ್ಣ ಸಭೆಯಲ್ಲಿ ಕರ್ನಾಟಕ ಸಂಗೀತದ ಕಛೇರಿಗೆ ಹೋಗಿದ್ದೆ. ವಾಪಸ್ ಬಂದಾಗ ಹತ್ತು ಗಂಟೆ. ತಟ್ಟೆ ಮುಂದೆ ಕೂತು ಊಟ ಬಿಟ್ಟು ಬರೀ ಮಾತಾಡಿದೆ. ಸಂತೋಷನೂ ಇತ್ತು, ಸಿಟ್ಟೂ ಇತ್ತು. ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಅದಕ್ಕೇ ಬೆಳಗ್ಗೆ ಎದ್ದು ಇದನ್ನ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಓದಿ.

ಹಾಡಿದ ಹುಡುಗಿಗೆ ಹೆಚ್ಚೆಂದರೆ 25 ಇರಬಹುದು. ಪಕ್ಕದಲ್ಲಿ ಪಿಟೀಲು, ಮೃದಂಗ, ಘಟ. ಎಲ್ಲರೂ ಚಿಕ್ಕವರೇ. ಸುಮಾರು 80 ಜನ ಸೇರಿದ್ದೆವು. ನಾಲ್ಕನೆಯದೋ ಐದನೆಯದೋ ಕೃತಿಗೆ ಕಲ್ಯಾಣಿ ರಾಗ ಎತ್ತಿಕೊಂಡಳು, ಮೊದಲು ಆಲಾಪನೆ, ಅಂದರೆ ಸಾಹಿತ್ಯವಿಲ್ಲದೆ ರಾಗ ಬೆಳೆಸೋದು. ಮೊದಲ ಎರಡು ನಿಮಿಷದಲ್ಲೇ ನನಗೆ ಗೊತ್ತಾಯಿತು, ಇವತ್ತು ಏನೋ ಆಗುತ್ತೆ ಅಂತ. ಷಡ್ಜ, ಪಂಚಮ (ಸ, ಪ) ಎರಡನ್ನೂ ಮುಟ್ಟದೆ ಒಂದು ಸುತ್ತು ಹೋಗಿ, ತಾರಸ್ಥಾಯಿ ಗಾಂಧಾರಕ್ಕೆ, ಅಂದರೆ ಮೇಲಿನ "ಗ"ಕ್ಕೆ ಬಂದು ನಿಂತಳು. ನಿಂತು, ಕಣ್ಣು ಬಿಟ್ಟಳು. ಎದುರಿಗೆ ನೋಡಿದಳು.

ಹಾಡುವವರು ಅಂಥ ಜಾಗದಲ್ಲಿ ಕಣ್ಣು ಬಿಟ್ಟು ನೋಡೋದು ಸುಮ್ನೆ ಅಲ್ಲ. "ನಿಮಗೂ ಬಂತಾ?" ಅಂತ ಕೇಳುವ ನೋಟ ಅದು. ಅದಕ್ಕೆ ನಾವು ಕೊಡುವ ಉತ್ತರ ಒಂದು "ಆಹಾ". ಇಲ್ಲಾಂದ್ರೆ ತಲೆದೂಗೋದು. ಅದೂ ಬೇಡ, ಕಣ್ಣಲ್ಲಿ ಸ್ವಲ್ಪ ನೀರು ಬಂದರೂ ಅವರಿಗೆ ಕಾಣಿಸುತ್ತೆ.

ಆ ಹುಡುಗಿಗೆ ಕಾಣಿಸಿದ್ದು ಫೋನುಗಳ ಬೆನ್ನು.

ಮುಂದಿನ ಸಾಲಲ್ಲಿ 12 ಜನ ಇದ್ದರು. ನಾನು ಮೂರನೇ ಸಾಲಲ್ಲಿ ಕೂತು ಎಣಿಸಿದೆ. ಅದರಲ್ಲಿ 7 ಜನರ ಕೈ ಮೇಲೆದ್ದಿತ್ತು, ಏಳೂ ಕೈಯಲ್ಲಿ ಫೋನು. ಒಬ್ಬರು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೊಣಕೈಯನ್ನು ಹೊಟ್ಟೆಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು ಕೂತಿದ್ದರು, ವಿಡಿಯೋ ಅಲುಗಾಡಬಾರದು ಅಂತ. ನನ್ನ ಮುಂದೆ ಕೂತವರು ಆಲಾಪನೆ ಇನ್ನೂ ನಡೆಯುತ್ತಿರುವಾಗಲೇ ಅದನ್ನ ಕತ್ತರಿಸಿ, ಯಾವುದೋ ಗ್ರೂಪಿಗೆ ಕಳಿಸಿ, ನೀಲಿ ಟಿಕ್ ಬಂತಾ ಅಂತ ನೋಡುತ್ತಿದ್ದರು. ಅಷ್ಟರಲ್ಲಿ ಪಿಟೀಲಿನ ಹುಡುಗ ನುಡಿಸಿದ ಕಲ್ಯಾಣಿ ಪೂರ್ತಿ ಮುಗಿದೇಹೋಗಿತ್ತು.

ನನಗೆ ಎಷ್ಟು ಸಂಕಟ ಆಯ್ತು ಅಂದರೆ, ಎದ್ದು ಹೋಗಿ ಅವರ ಕೈ ಹಿಡಿದು ಕೆಳಗಿಳಿಸಬೇಕು ಅನ್ನಿಸಿತು.

ಅಪ್ಪನ ವಿಷಯ ನಿಮಗೆಲ್ಲ ಗೊತ್ತೇ ಇದೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳಿಗೆ ನಮ್ಮನ್ನ ಕೈಹಿಡಿದು ಕರ್ಕೊಂಡು ಹೋದವರು ಅವರು. 1939ರಲ್ಲಿ ಶುರುವಾದ ಆ ಶ್ರೀರಾಮಸೇವಾ ಮಂಡಳಿಯ ಸಂಗೀತೋತ್ಸವ ನಮ್ಮ ಪಾಲಿಗೆ ಬೇಸಿಗೆ ರಜೆ ಇದ್ದ ಹಾಗೆ. ಟಿಕೆಟ್‌ಗೆ ದುಡ್ಡು ಇಲ್ಲದ ದಿನ ಕಾಂಪೌಂಡ್ ಹೊರಗೆ ಫುಟ್‌ಪಾತಿನ ಮೇಲೆ ನಿಂತೇ ಕೇಳುತ್ತಿದ್ದೆವು. ಅಪ್ಪ ನನಗೆ ತಾಳ ಹೇಳಿಕೊಟ್ಟಿದ್ದು ಅಲ್ಲೇ. ನನ್ನ ಕೈ ಹಿಡಿದು ಅವರ ತೊಡೆ ಮೇಲೆ ಹಾಕಿಸುತ್ತಿದ್ದರು. ಒಂದು ಪೆಟ್ಟು, ಮೂರು ಬೆರಳು, ಪೆಟ್ಟು ಬೀಸು, ಪೆಟ್ಟು ಬೀಸು. ಆದಿತಾಳ. ನಾನು ಸಂಗೀತ ಸೀನಿಯರ್ ಪರೀಕ್ಷೆ ತನಕ ಕಲಿತು ಬಿಟ್ಟವಳು. ಆದರೆ ಆ ತಾಳ ಮಾತ್ರ ಕೈ ಬಿಟ್ಟಿಲ್ಲ. ರಸ್ತೆ ಮೇಲೆ ನಿಂತವರಿಗೆ ಹಾಡುವವರ ಮುಖವೂ ಕಾಣುತ್ತಿರಲಿಲ್ಲ, ಮೈಕಿನಲ್ಲಿ ಧ್ವನಿ ಮಾತ್ರ. ಆದರೂ ಪಕ್ಕದಲ್ಲಿ ನಿಂತ ಆಟೋದವರು, ಕಡಲೆಕಾಯಿ ಮಾರುವವರು, ಅಪ್ಪ, ಎಲ್ಲರ ಕೈಯೂ ಒಂದೇ ಸಮಯಕ್ಕೆ ಬೀಳುತ್ತಿತ್ತು.

ಈಗ ಆ ಕೈಯಲ್ಲಿ ಫೋನು. ನನ್ನ ಜಗಳ ಇಷ್ಟೇ. ಎಷ್ಟು ಸಲ ಹೇಳಿದರೂ ನಾನು ಇದಕ್ಕೇ ವಾಪಸ್ ಬರ್ತೀನಿ.

ಕಛೇರಿ ಅನ್ನೋದು ವೇದಿಕೆ ಮೇಲಿನವರು ಒಬ್ಬರೇ ಮಾಡಿದ್ದಲ್ಲ. ಮೈಸೂರಿನ ಪಿಟೀಲು ಚೌಡಯ್ಯನವರನ್ನು ನೋಡಿ. ಮೈಕ್ ಇಲ್ಲದ ಕಾಲ. ಕೊನೆ ಸಾಲಲ್ಲಿ ಕೂತವರಿಗೂ ಕೇಳಬೇಕು ಅಂತ ನಾಲ್ಕು ತಂತಿಯ ಪಿಟೀಲಿಗೆ ಮೂರು ತಂತಿ ಸೇರಿಸಿ ಏಳು ಮಾಡಿಕೊಂಡರು. ಕೊನೆ ಸಾಲಲ್ಲಿ ಕೂತ ಯಾರೋ ಹೆಸರು ಗೊತ್ತಿಲ್ಲದವರಿಗೋಸ್ಕರ ಒಂದು ವಾದ್ಯವೇ ಬದಲಾಯಿತು! ಬೆಂಗಳೂರಲ್ಲಿ 1980ರಲ್ಲಿ ಅವರ ಹೆಸರಲ್ಲಿ ಪಿಟೀಲಿನ ಆಕಾರದ ಭವನ ಕಟ್ಟಿದೆವು, ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತೇವೆ. ಅವರು ನೆನೆದ ಆ ಕೊನೆ ಸಾಲಿನವರು ನಾವೇ ಅನ್ನೋದು ಮಾತ್ರ ಮರೆತುಬಿಟ್ಟಿದ್ದೇವೆ. ಇವತ್ತು ನಾವು ಕೇಳುವ ಕಛೇರಿಯ ಕ್ರಮ, ಮೊದಲು ವರ್ಣ, ಆಮೇಲೆ ಚಿಕ್ಕ ಕೃತಿಗಳು, ನಡುವೆ ಒಂದು ದೊಡ್ಡದು, ಕೊನೆಗೆ ದೇವರನಾಮ ಇತ್ಯಾದಿ, ಅದನ್ನ ಬಳಕೆಗೆ ತಂದಿದ್ದು ಗಾಯಕ ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರು ಅನ್ನುತ್ತಾರೆ. ಅದೂ ಎದುರಿಗೆ ಕೂತವರಿಗೆ ಬೇಸರ ಆಗಬಾರದು ಅನ್ನೋ ಕಾಳಜಿ ಇದ್ದವರು ಮಾಡಿದ ಕೆಲಸವೇ.

ಹಿಂದೂಸ್ತಾನಿ ಕಡೆಯವರು ನಗಬೇಡಿ, ನಿಮ್ಮಲ್ಲೂ ಇದೇ ಕಥೆ. ಒಂದು ವರ್ಷ ಹುಬ್ಬಳ್ಳಿಯ ಗೆಳತಿ ನನ್ನನ್ನ ಕುಂದಗೋಳಕ್ಕೆ ಕರ್ಕೊಂಡು ಹೋಗಿದ್ದಳು, ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತಕ್ಕೆ. ನಾಡಿಗೇರ ವಾಡೆಯಲ್ಲಿ ನೆಲದ ಮೇಲೆ ಕೂತು ರಾತ್ರಿಯಿಡೀ ಕೇಳಿದೆವು. ನನಗೆ ತಬಲಾದ ಠೇಕಾ ಲೆಕ್ಕ ಅಷ್ಟು ಗೊತ್ತಾಗಲ್ಲ. ಆದರೆ ಸಮ್, ಅಂದರೆ ತಾಳದ ಸುತ್ತಿನ ಮೊದಲ ಪೆಟ್ಟು ಬಂದಾಗ ಸುತ್ತ ಕೂತವರ ತಲೆಗಳೆಲ್ಲ ಒಟ್ಟಿಗೆ ತೂಗುತ್ತಿದ್ದವು, ಅದನ್ನ ನೋಡಿಯೇ ನನಗೆ ಸಮ್ ಎಲ್ಲಿ ಅಂತ ತಿಳಿಯುತ್ತಿತ್ತು. ಪಕ್ಕದಲ್ಲಿದ್ದ ಅಜ್ಜ ಒಬ್ಬರು ನನ್ನ ಕಡೆ ತಿರುಗಿ, "ಬಂತು ನೋಡ್ರಿ" ಅಂತ ಅಂದಿದ್ದರು. ಅಷ್ಟೇ ಮಾತು. ಅವರ ಮುಖ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಈಗ ನೀವು ಕೆಲವರು ಹೇಳ್ತೀರಿ, ರೆಕಾರ್ಡ್ ಮಾಡೋದು ತಪ್ಪಾ ಅಂತ. ಕಛೇರಿಗೆ ಬರಲಾಗದವರು ಏನು ಮಾಡಬೇಕು? ನನಗೂ ಗೊತ್ತು. ನನ್ನ ನಾದಿನಿ ನ್ಯೂಜೆರ್ಸಿಯಲ್ಲಿದ್ದಾಳೆ, ಬೆಂಗಳೂರಿನ ಕಛೇರಿಗಳನ್ನ ಯೂಟ್ಯೂಬಿನಲ್ಲೇ ನೋಡೋದು. ಮಲ್ಲಿಕಾರ್ಜುನ ಮನ್ಸೂರರು ಹೋಗಿದ್ದು 1992ರಲ್ಲಿ. ಇವತ್ತು ಬೆಳಗ್ಗೆ ದೋಸೆ ಹುಯ್ಯುವಾಗ ನಾನು ಅವರನ್ನು ಕೇಳಿದ್ದು ರೆಕಾರ್ಡಿಂಗ್ ಇದ್ದಿದ್ದರಿಂದಲೇ. ಒಪ್ಪಿದೆ. ಆದರೆ ನಿನ್ನೆಯ ಸಭೆಯಲ್ಲಿ ಸ್ಟ್ಯಾಂಡ್ ಮೇಲೆ ಕ್ಯಾಮೆರಾ ಇಟ್ಟು ಒಬ್ಬ ಹುಡುಗ ಪೂರ್ತಿ ರೆಕಾರ್ಡ್ ಮಾಡುತ್ತಿದ್ದ. ಶುರುವಿನಲ್ಲೇ ಅದನ್ನ ಮೈಕಿನಲ್ಲಿ ಹೇಳಿದ್ದರು. ಹಾಗಿದ್ದ ಮೇಲೆ ಇನ್ನು 7 ಫೋನು ಯಾರಿಗಾಗಿ?

ನನ್ನ ಸೋದರಮಾವನೂ ರೆಕಾರ್ಡ್ ಮಾಡುತ್ತಿದ್ದ. ಟೇಪ್‌ರೆಕಾರ್ಡರನ್ನ ಬಟ್ಟೆ ಚೀಲದಲ್ಲಿಟ್ಟು ತರುತ್ತಿದ್ದ. ಬಟನ್ ಒತ್ತಿ ಕುರ್ಚಿ ಕೆಳಗೆ ಇಟ್ಟರೆ ಅರ್ಧ ಗಂಟೆ ಅದರ ಯೋಚನೆಯೇ ಇಲ್ಲ. ಟಕ್ ಅಂತ ಸದ್ದಾದಾಗ ಬಗ್ಗಿ ಕ್ಯಾಸೆಟ್ಟಿನ ಮಗ್ಗುಲು ಬದಲಾಯಿಸುತ್ತಿದ್ದ, ಅದೂ ಎಡಗೈಯಲ್ಲಿ. ಬಲಗೈ ತಾಳ ಬಿಡುತ್ತಿರಲಿಲ್ಲ. ಆ ಕ್ಯಾಸೆಟ್ಟುಗಳಲ್ಲಿ ಅವನ ತೊಡೆಯ ಮೇಲಿನ ಪೆಟ್ಟೂ ಸಣ್ಣಗೆ ಕೇಳಿಸುತ್ತೆ. ಅವನು ಹೋಗಿ ಒಂಬತ್ತು ವರ್ಷ ಆಯ್ತು.

ನಾನೂ ತಪ್ಪು ಮಾಡಿದ್ದೇನೆ, ಅದನ್ನೂ ಹೇಳಿಬಿಡ್ತೀನಿ. ಕೆಲವು ವರ್ಷದ ಹಿಂದೆ ನನಗೆ ತುಂಬಾ ಇಷ್ಟದ ಒಬ್ಬ ಹಿರಿಯ ವಿದ್ವಾಂಸರ ಕಛೇರಿ. ವಯಸ್ಸಾಗಿತ್ತು, ಇನ್ನೆಷ್ಟು ಸಲ ಕೇಳಲು ಸಿಗುತ್ತಾರೋ ಅನ್ನೋ ಆತಂಕದಲ್ಲಿ ತೋಡಿ ರಾಗದ ಆಲಾಪನೆ ಪೂರ್ತಿ ಫೋನಲ್ಲಿ ಹಿಡಿದೆ. 14 ನಿಮಿಷ. ಅವರ ಕೊನೆಯ ಕಛೇರಿಗಳಲ್ಲಿ ಅದೂ ಒಂದಾಯಿತು. ಅವರು ಹೋದ ಸುದ್ದಿ ಬಂದ ದಿನ ಆ ವಿಡಿಯೋ ಹಾಕಿಕೊಂಡು ಕೂತೆ. ಸದ್ದು ಒಡೆದಿದೆ, ಅರ್ಧ ವಿಡಿಯೋದಲ್ಲಿ ಮುಂದಿನವರ ತಲೆ. ಅದಕ್ಕಿಂತ ಜಾಸ್ತಿ ಅಳು ಬಂದಿದ್ದು ಬೇರೆ ಕಾರಣಕ್ಕೆ. ಆ ಸಂಜೆಯ ತೋಡಿ ನನಗೆ ನೆನಪೇ ಇಲ್ಲ. ನೆನಪಿರುವುದು ನನ್ನ ಕೈ ನೋಯುತ್ತಿದ್ದದ್ದು, ಬ್ಯಾಟರಿ 11 ಪರ್ಸೆಂಟ್ ಇದ್ದದ್ದು. ಅವರು ನನ್ನಿಂದ ನಾಲ್ಕು ಮಾರು ದೂರದಲ್ಲಿ ಕೂತು ಹಾಡಿದ್ದರು. ನಾನು ಅವರನ್ನ ನೋಡಲೇ ಇಲ್ಲ, ಪರದೆ ನೋಡಿದೆ. ಅವತ್ತಿಂದ ಕಛೇರಿಗೆ ಹೋದರೆ ಫೋನು ಚೀಲದಿಂದ ಹೊರಗೆ ಬರಲ್ಲ.

2020ರಲ್ಲಿ ರಾಮನವಮಿ ಬಂದಿದ್ದೇ ಲಾಕ್‌ಡೌನ್ ಮಧ್ಯೆ. ನೆನಪಿದೆಯಲ್ಲ? ಆ ಕಾಲದಲ್ಲಿ ಎಷ್ಟೋ ಕಲಾವಿದರು ತಮ್ಮ ಮನೆಯ ಹಾಲಲ್ಲಿ ಕೂತು ಫೋನಿಗೇ ಹಾಡಿದರು. ಕೃತಿ ಮುಗಿದ ಮೇಲೆ ಒಂದು ನಿಶ್ಶಬ್ದ ಬರುತ್ತಿತ್ತು. ಅವರು ಏನು ಮಾಡಬೇಕು ಅಂತ ತೋಚದೆ ಶ್ರುತಿ ಸರಿಮಾಡಿಕೊಳ್ಳುವ ಹಾಗೆ ಪಕ್ಕಕ್ಕೆ ನೋಡುತ್ತಿದ್ದರು. ಅದನ್ನ ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು. ಆಗ ಬೇರೆ ದಾರಿ ಇರಲಿಲ್ಲ. ಈಗ ನಾವು ಅವರ ಎದುರೇ ಬಂದು ಕೂತು, ಮತ್ತೆ ಅವರನ್ನ ಫೋನಿಗೆ ಹಾಡೋ ಹಾಗೆ ಮಾಡ್ತಿದ್ದೇವಲ್ಲ!

ವೇದಿಕೆ ಮೇಲಿನ ಚಿಕ್ಕವರಿಗೂ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಎದುರಿಗೆ ಸಾಹಿತ್ಯಕ್ಕೆ ಅಂತ ಟ್ಯಾಬ್ ಇಟ್ಕೊಳ್ತೀರಿ. ಮರೆತರೆ ಅನ್ನೋ ಭಯ ಅರ್ಥ ಆಗುತ್ತೆ. ಆದರೆ ಕಣ್ಣು ಅದರಲ್ಲೇ ನೆಟ್ಟರೆ, ನಾವು ತಲೆದೂಗಿದ್ದು ನಿಮಗೆ ಹೇಗೆ ಕಾಣಿಸಬೇಕು? ನೀವು ಟ್ಯಾಬ್ ನೋಡಿ, ನಾವು ಫೋನು ನೋಡಿ, ನಡುವೆ ಕಲ್ಯಾಣಿ ಯಾರಿಗೆ ಹೇಳಿ?

"ನನಗೆ ತಾಳ ಗೊತ್ತಿಲ್ಲ, ಕೈ ಖಾಲಿ ಇಟ್ಕೊಂಡು ಏನು ಮಾಡಲಿ" ಅಂತ ನನ್ನ ಸಹೋದ್ಯೋಗಿ ಒಬ್ಬರು ಕೇಳಿದ್ದರು. ಏನೂ ಮಾಡಬೇಡಿ. ತಪ್ಪು ತಾಳ ಹಾಕಿದರೆ ಮೃದಂಗದವರಿಗೆ ಕಷ್ಟವೇ ಆಗುತ್ತೆ, ಅದೂ ಮುಂದಿನ ಸಾಲಲ್ಲಿ. ಸುಮ್ನೆ ಮುಖ ಎತ್ತಿ ಕೂತ್ಕೊಳ್ಳಿ, ಸಾಕು.

ಸರಿ, ನಿನ್ನೆಯ ಸಂತೋಷದ ಭಾಗ ಹೇಳಬೇಕು.

ಆ ಹುಡುಗಿ ಕೃತಿ ಮುಗಿಸಿ ನೆರವಲ್ ಶುರು ಮಾಡಿದಳು. ಮಿಶ್ರಛಾಪು ತಾಳ, ತಕಿಟ ತಕದಿಮಿ, ಏಳಕ್ಷರ. ಚರಣದ ಒಂದೇ ಸಾಲು, ಅದನ್ನೇ ಹಿಗ್ಗಿಸಿ, ಹರಡಿ, ಪ್ರತಿ ಸಲವೂ ಸರಿಯಾದ ಎಡುಪಿಗೆ, ಅಂದರೆ ತಾಳದಲ್ಲಿ ಆ ಸಾಲು ಶುರುವಾಗುವ ಜಾಗಕ್ಕೆ, ಬಂದು ಸೇರಬೇಕು. ಮೊದಲ ನಾಲ್ಕು ಸುತ್ತು ಅವಳಿಗೆ ಹುಮ್ಮಸ್ಸೇ ಇರಲಿಲ್ಲ. ಬೇಗ ಸ್ವರಕ್ಕೆ ಹೋಗಿ ಮುಗಿಸುತ್ತಾಳೆ ಅಂದುಕೊಂಡೆ. ಆಗ ಮುಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತಿದ್ದ ತಾತ ಕಂಡರು. ಎಂಬತ್ತು ದಾಟಿರಬೇಕು. ಬಿಳಿ ಜುಬ್ಬಾ, ಊರುಗೋಲು ಕಾಲಿನ ಮಧ್ಯೆ. ಕೈ ಸ್ವಲ್ಪ ನಡುಗುತ್ತಿತ್ತು. ಆದರೆ ಆ ನಡುಗುವ ಕೈ ಊರುಗೋಲಿನ ಹಿಡಿಯ ಮೇಲೆ ಏಳಕ್ಷರವನ್ನು ಒಂದಿಷ್ಟೂ ಜಾರದೆ ಹಾಕುತ್ತಿತ್ತು. ಒಂದು ಸುತ್ತಿಗೆ ಅವಳು ಸ್ವಲ್ಪ ಕಷ್ಟದ ದಾರಿ ಹಿಡಿದು, ಇನ್ನೇನು ತಪ್ಪಿತು ಅನ್ನುವಷ್ಟರಲ್ಲಿ ಎಡುಪಿಗೆ ಬಂದಳು. ತಾತ ಜೋರಾಗಿ "ಭೇಷ್" ಅಂದರು.

ಅವಳು ತಿರುಗಿ ನೋಡಿದಳು. ಮುಖ ಪೂರ್ತಿ ಬದಲಾಯಿತು.

ಆಮೇಲೆ ಅವಳು ಟ್ಯಾಬ್ ಕಡೆ ನೋಡಲೇ ಇಲ್ಲ. ಇನ್ನೂ ಹತ್ತು ನಿಮಿಷ ನೆರವಲ್ ಹಾಡಿದಳು, ಎರಡು ಕಾಲದಲ್ಲೂ, ಅಂದರೆ ನಿಧಾನದಲ್ಲೂ ವೇಗದಲ್ಲೂ. ಪಿಟೀಲಿನವನು ಅವಳು ಬಿಟ್ಟ ಜಾಗದಿಂದಲೇ ಎತ್ತಿಕೊಂಡು ಇನ್ನೊಂದು ಹೆಜ್ಜೆ ಮುಂದೆ ಹೋದ. ನನಗೆ ಮೈ ಜುಮ್ಮೆಂದಿತು. ಮುಂದಿನ ಸಾಲಲ್ಲಿ ಇಬ್ಬರು ಫೋನು ಕೆಳಗಿಟ್ಟರು, ಕಣ್ಣಾರೆ ನೋಡಿದೆ.

ತನಿ, ಅಂದರೆ ಮೃದಂಗ ಘಟದವರು ಮಾತ್ರ ನುಡಿಸುವ ಭಾಗ, ಬಿಟ್ಟ ತಕ್ಷಣ ಮಾಮೂಲಿನಂತೆ ಕುರ್ಚಿಗಳ ಸದ್ದು. ಮೂವತ್ತು ಜನ ಎದ್ದರು. ಮೃದಂಗದ ಹುಡುಗ ಕಛೇರಿಗೆ ಮುಂಚೆ ಎಡಮಗ್ಗುಲಿಗೆ ರವೆ ನಾದಿ ಹಚ್ಚಿ, ಕಲ್ಲಿನಿಂದ ತಟ್ಟಿ ತಟ್ಟಿ ಶ್ರುತಿ ಸೇರಿಸಿದ್ದನ್ನ ನಾನು ನೋಡಿದ್ದೆ. ಎರಡು ಗಂಟೆ ಕಾದಿದ್ದು ಆ ಹನ್ನೆರಡು ನಿಮಿಷಕ್ಕೆ. ಅವನ ಎದುರೇ ಬೆನ್ನು ತಿರುಗಿಸಿ ಹೋದರು. ಆದರೆ ತಾತ ಇದ್ದರು. ಹುಡುಗ ಒಂದು ಸಲ ಎದ್ದವರ ಕಡೆ ನೋಡಿದ, ಆಮೇಲೆ ಪೂರ್ತಿ ಆ ಕೈ ನೋಡಿಕೊಂಡೇ ನುಡಿಸಿದ. ಘಟದವನೂ ಅಷ್ಟೇ. ಮುಗಿಸುವಾಗ ಮೂರು ಸಲ ನುಡಿಸುವ ಲೆಕ್ಕಾಚಾರದ ಕೊನೆಯ ಕೋರ್ವೆ ಮೂರನೇ ಸಲ ಬಂದು ಎಡುಪಿಗೆ ಬಿದ್ದಾಗ ಊರುಗೋಲಿನ ಮೇಲಿನ ಪೆಟ್ಟೂ ಅಲ್ಲೇ ಬಿತ್ತು.

ಮಂಗಳ ಆದ ಮೇಲೆ ನಾನು ತಾತನನ್ನ ಮಾತಾಡಿಸೋಣ ಅಂತ ಹೋದೆ. ಅಷ್ಟರಲ್ಲಿ ಆ ಹುಡುಗಿಯೇ ವೇದಿಕೆ ಇಳಿದು ಬಂದು ಕಾಲು ಮುಟ್ಟಿದಳು. ಅವರು ಆಶೀರ್ವಾದ ಮಾಡಿ, ಜುಬ್ಬಾದ ಜೇಬಿನಿಂದ ಒಂದು ಸಣ್ಣ ಡೈರಿ ತೆಗೆದರು. ಅದರಲ್ಲಿ ತಾರೀಖು, ಅವಳ ಹೆಸರು, ಕೆಳಗೆ ಸಾಲಾಗಿ ರಾಗಗಳ ಹೆಸರು ಬರೆದಿದ್ದರು. ಒಂದು ಸಾಲು ಮಾತ್ರ ಖಾಲಿ.

"ಮೂರನೇದು ಶ್ರೀರಾಗವೋ ಮಣಿರಂಗೋ ಗೊತ್ತಾಗ್ಲಿಲ್ಲ ಕಣಮ್ಮ. ಕಿವಿ ಮಂದ ಆಗಿದೆ, ಬೇಜಾರು ಮಾಡ್ಕೋಬೇಡ. ಹೇಳ್ತೀಯಾ, ಬರ್ಕೊಳ್ತೀನಿ."

ಅವಳು ಪಕ್ಕದ ಕುರ್ಚಿಯಲ್ಲಿ ಕೂತಳು. ಅವರ ಕಿವಿ ಹತ್ತಿರ ಬಗ್ಗಿ, ಮೆಲ್ಲಗೆ "ಮ ಗ ರಿ ಸ" ಅಂತ, ಆ ಎರಡು ರಾಗ ಬೇರೆಯಾಗುವ ಜಾಗವನ್ನೇ ಹಾಡಿ ತೋರಿಸಿದಳು. ತಾತ ಕಣ್ಣು ಮುಚ್ಚಿಕೊಂಡು ಕೇಳಿ, "ಇನ್ನೊಂದ್ಸಲ" ಅಂದರು. ಅವಳು ಇನ್ನೊಂದ್ಸಲ ಹಾಡಿದಳು. ಅವರು ಪೆನ್ನಿನ ಮುಚ್ಚಳ ತೆಗೆದು, ನಡುಗುವ ಕೈಯಲ್ಲಿ ನಿಧಾನವಾಗಿ ಬರೆದರು: ಮಣಿರಂಗು.