ಕಂಬಿಯ ಹಿಂದೆ ನಡೆದು ಕಲಿತದ್ದು

ಹೋಳಿ ಹುಣ್ಣಿಮೆಯ ಬಣ್ಣ ಇನ್ನೂ ಕಿವಿಯ ಸಂದಿಯಲ್ಲಿ ಉಳಿದಿರುವಾಗಲೇ ನಮ್ಮ ಬಾಗಲಕೋಟೆ ಸೀಮೆಯಲ್ಲಿ ಶ್ರೀಶೈಲ ಪಾದಯಾತ್ರೆಯ ಗಡಿಬಿಡಿ ಶುರುವಾಗುತ್ತದೆ. ಯುಗಾದಿಗೆ ಅಲ್ಲಿನ ಮಲ್ಲಿಕಾರ್ಜುನನ, ನಮ್ಮ ಬಾಯಲ್ಲಿ ಮಲ್ಲಯ್ಯನ, ಮುಂದೆ ನಿಲ್ಲಬೇಕೆಂದರೆ 15 ದಿನ ಮೊದಲೇ ಊರು ಬಿಡಬೇಕು. ಮನೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಒಣಗಿಸಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಗಂಟು ಕಟ್ಟಿದರೆ ದಾರಿಯಲ್ಲಿ ಕೆಡುವ ಮಾತೇ ಇಲ್ಲ.

ಈ ಸಪ್ಪಳದ ನಡುವೆಯೇ ಅಕ್ಕನ ಮಗ ಬೆಂಗಳೂರಿನಿಂದ ಫೋನ್ ಮಾಡಿದ್ದ. ಕಾಡಿನಲ್ಲಿ ಬದುಕುವುದನ್ನು ಕಲಿಸುವ ಎರಡು ದಿನದ ಶಿಬಿರಕ್ಕೆ ಹೋಗಿ ಬಂದನಂತೆ. ಒಲೆ ಹೊತ್ತಿಸಿದನಂತೆ, ಗಂಟು ಹಾಕುವುದನ್ನು ಕಲಿತನಂತೆ, ಬಯಲಲ್ಲಿ ಮಲಗಿದನಂತೆ. ಅದಕ್ಕೆ ಕಟ್ಟಿದ ಹಣದ ಲೆಕ್ಕ ಕೇಳಿ ನಮ್ಮವ್ವ, "ಅಷ್ಟು ರೊಕ್ಕ ತೆಗೆದುಕೊಂಡು ನೆಲದ ಮೇಲೆ ಮಲಗಿಸಿದರೇನು?" ಎಂದಳು. ಎಲ್ಲರೂ ನಕ್ಕೆವು. ಆಮೇಲೆ ನನಗೆ ನಗು ನಿಂತುಹೋಯಿತು. ಪ್ರತಿ ವರ್ಷ ಶ್ರೀಶೈಲಕ್ಕೆ ನಡೆಯುವ ನಮ್ಮೂರಿನ ಹುಡುಗರಲ್ಲೇ ಮೂರು ಕಲ್ಲು ಹೂಡಿ ಒಲೆ ಹೊತ್ತಿಸಬಲ್ಲವರು ಎಷ್ಟು ಮಂದಿ ಇದ್ದಾರೆ?

ನಾನು ಮೊದಲ ಸಲ ನಡೆದಾಗ ನನಗೆ 16 ವರ್ಷ. ನಮ್ಮ ತಂಡದ ಹಿರಿಯ, ಕಂಬಿ (ಮಲ್ಲಯ್ಯನ ಹೆಸರಿನಲ್ಲಿ ಹೆಗಲ ಮೇಲೆ ಹೊತ್ತು ಸಾಗುವ ಪೂಜೆಯ ಕೋಲು) ಹೊರುತ್ತಿದ್ದ ಅಜ್ಜ, ಹೊರಡುವ ಮುನ್ನ ಗುಡಿಯ ಕಟ್ಟೆಯ ಮೇಲೆ ಕೂರಿಸಿ ಕಟ್ಟಳೆಗಳನ್ನು ಹೇಳಿದ್ದ. ಕಂಬಿಯನ್ನು ದಾಟಿ ಯಾರೂ ಮುಂದೆ ನಡೆಯಬಾರದು. ಕೊನೆಯವರು ಬಂದು ಸೇರುವ ತನಕ ಕಂಬಿ ಏಳಬಾರದು. ರಾತ್ರಿ ಕಂಬಿಯ ಬಳಿ ಸರದಿಯಂತೆ ಇಬ್ಬರು ಎಚ್ಚರ ಇರಬೇಕು. ಯಾಕೆಂದು ಕೇಳಿದರೆ ಒಂದೇ ಉತ್ತರ: ಮಲ್ಲಯ್ಯನಿಗೆ ಸಿಟ್ಟು ಬರುತ್ತದೆ.

ಮಲ್ಲಯ್ಯನ ಸಿಟ್ಟಿನ ಒಳಗೆ ಏನೇನು ಅಡಗಿತ್ತು ಎಂದು ತಿಳಿಯಲು ನನಗೆ ಹತ್ತು ವರ್ಷ ಬೇಕಾಯಿತು. ಬಿಸಿರಕ್ತದ ಹುಡುಗರು ಕಿಲೋಮೀಟರ್‌ಗಟ್ಟಲೆ ಮುಂದೆ ಓಡುವುದಿಲ್ಲ. ಮಂಡಿನೋವಿನ ಮುದುಕಿ ಹಿಂದೆ ಒಂಟಿಯಾಗಿ ಉಳಿಯುವುದಿಲ್ಲ. ಮಲಗಿದವರ ಕಡೆ ಹಾವೋ ನಾಯಿಯೋ ಬಂದರೆ ನೋಡಲು ಎರಡು ಜೊತೆ ಕಣ್ಣು ತೆರೆದಿರುತ್ತವೆ. ಇದೇ ಮಾತನ್ನು ಯಾವುದೋ ಅಧಿಕಾರಿ ಮೈಕಿನಲ್ಲಿ ಹೇಳಿದ್ದರೆ ನಾವು ಕೇಳುತ್ತಿದ್ದೆವೇ? ಹರಕೆಯ ಜೊತೆ ಕಟ್ಟಿದ್ದರಿಂದ ಕೇಳಿದೆವು.

ನಡಿಗೆಗೂ ಒಂದು ಕ್ರಮವಿತ್ತು. ನಸುಕಿನ 3 ಗಂಟೆಗೆ ಎದ್ದರೆ ಬಿಸಿಲು ಏರುವುದರೊಳಗೆ ದಿನದ ಬಹುಪಾಲು ದಾರಿ ಮುಗಿಯಬೇಕು. ರಾಯಚೂರು ದಾಟಿ ಕರ್ನೂಲಿನ ಕಡೆ ಹೊರಳಿದರೆ ಆ ಬಿಸಿಲು ಬಿಸಿಲಲ್ಲ, ಬೆಂಕಿ. ಮಧ್ಯಾಹ್ನವೆಲ್ಲ ಬೇವಿನ ನೆರಳು, ತಲೆಗೆ ಒದ್ದೆ ರುಮಾಲು, ಉಪ್ಪು ಹಾಕಿದ ಮಜ್ಜಿಗೆ. ರಾತ್ರಿ ಪಾದಕ್ಕೆ ಹರಳೆಣ್ಣೆ. ಹೊಸ ಬೂಟು ಹಾಕಿಕೊಂಡು ಹೋಗಿದ್ದ ನನ್ನ ಕಾಲಿನಲ್ಲಿ ಎರಡನೇ ದಿನವೇ ಬೊಕ್ಕೆ ಎದ್ದವು. ಅಜ್ಜ ಸೂಜಿಯಿಂದ ಬೊಕ್ಕೆಗೆ ದಾರ ಪೋಣಿಸಿ ಹಾಗೆಯೇ ಬಿಟ್ಟ. ನೀರೇನೋ ಇಳಿಯಿತು, ಮೂರು ದಿನಕ್ಕೆ ಕೀವು ಆಯಿತು. ಹಿರಿಯರಿಂದ ಬಂದದ್ದೆಲ್ಲ ಚಿನ್ನ ಎನ್ನುವವರಿಗೆ ನನ್ನ ಬಲಗಾಲಿನ ಹಿಮ್ಮಡಿ ತೋರಿಸುತ್ತೇನೆ.

ಇದಕ್ಕಿಂತ ದೊಡ್ಡ ಪಾಠ ಕೆಲವು ವರ್ಷಗಳ ಹಿಂದೆ ಆಯಿತು. ಮಧ್ಯಾಹ್ನ ಒಂದು ಗಂಟೆ. ಆ ದಿನ ಹೊರಡುವುದು ತಡವಾಗಿತ್ತು, ನೆರಳು ಸಿಗದೆ ನಡೆಯುತ್ತಲೇ ಇದ್ದೆವು. ತಂಡದ ಕಾಕಾ ಒಬ್ಬರು ತೊದಲಲು ಶುರು ಮಾಡಿದರು. ಕರೆದರೆ ಗುರುತಿಲ್ಲ, ಕಣ್ಣು ಎಲ್ಲೋ, ಕಾಲು ಎಲ್ಲೋ. ಯಾರೋ "ಮೈಮೇಲೆ ಬಂದಿದೆ" ಎಂದರು. ಅಷ್ಟೇ ಸಾಕಾಯಿತು; ಸುತ್ತ ಜನ ಮುತ್ತಿದರು, ಒಬ್ಬ ಭಂಡಾರದ ಅರಿಸಿನ ಪುಡಿ ತಂದ, ಇನ್ನೊಬ್ಬ ಗಂಟೆ ಬಾರಿಸಿದ. ಬೇರೆ ತಂಡದ ಜೊತೆ ನಡೆಯುತ್ತಿದ್ದ ಒಬ್ಬ ನರ್ಸ್ ಅಕ್ಕ ಗುಂಪನ್ನು ಸೀಳಿಕೊಂಡು ಬಂದು ಕಾಕಾನ ಕುತ್ತಿಗೆ ಮುಟ್ಟಿ ನೋಡಿದರು. ಮೈ ಕಾದ ಹಂಚು, ಒಂದು ಹನಿ ಬೆವರಿಲ್ಲ. "ದೇವರು ಬಂದಿಲ್ಲ, ಬಿಸಿಲು ಬಡಿದಿದೆ. ಎಲ್ಲರೂ ಸರಿಯಿರಿ" ಎಂದು ಗದರಿದರು. ಅಂಗಿ ಬಿಚ್ಚಿಸಿ, ಲಾರಿಯ ನೆರಳಿಗೆ ಎಳೆಸಿ, ಇದ್ದಬದ್ದ ನೀರನ್ನೆಲ್ಲ ಮೈಮೇಲೆ ಸುರಿಸಿ, ಪಂಚೆಗಳಿಂದ ಗಾಳಿ ಬೀಸಿಸಿದರು. ಬಾಯಿಗೆ ನೀರು ಹಾಕಲು ಹೋದವನ ಕೈ ತಳ್ಳಿದರು. ಎಚ್ಚರ ಇಲ್ಲದವರಿಗೆ ನೀರು ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಅದೇ ಲಾರಿಯಲ್ಲಿ ಆಸ್ಪತ್ರೆಗೆ ಸಾಗಿಸಿದೆವು. ಕಾಕಾ ಬದುಕಿದರು. ಆ ಅಕ್ಕ ಅಲ್ಲಿ ಇರದೇ ಹೋಗಿದ್ದರೆ ನಾವು ಭಂಡಾರ ಹಚ್ಚಿ ಕೈಮುಗಿದು ನಿಂತಿರುತ್ತಿದ್ದೆವು.

ಆದ್ದರಿಂದ "ಮಲ್ಲಯ್ಯ ನೋಡಿಕೊಳ್ಳುತ್ತಾನೆ" ಎನ್ನುವ ಮಾತು ಕೇಳಿದರೆ ನನಗೆ ಈಗ ಭಯವಾಗುತ್ತದೆ. ನಾನು ನಾಸ್ತಿಕನಲ್ಲ; ಈ ಸಲ ನನ್ನದು 19ನೇ ಯಾತ್ರೆ.

ಇನ್ನು ದಾಸೋಹದ ವಿಷಯ. ಹೇಳಿದರೆ ಬೈಗುಳ ತಿನ್ನಬೇಕಾಗುತ್ತದೆ, ಆದರೂ ಹೇಳುತ್ತೇನೆ. ದಾರಿಯುದ್ದಕ್ಕೂ ಊಟ, ಉಪಾಹಾರ, ಕಲ್ಲಂಗಡಿ, ನೀರಿನ ಬಾಟಲಿ ಕೊಡುವವರ ಪುಣ್ಯ ದೊಡ್ಡದು. ನಾನೂ ಉಂಡಿದ್ದೇನೆ. ಆದರೆ ಚೀಲವನ್ನು ಹಿಂದೆ ಬರುವ ಟ್ರ್ಯಾಕ್ಟರಿಗೆ ಹಾಕಿ, ಕೈಯಲ್ಲಿ ಮೊಬೈಲ್ ಮಾತ್ರ ಹಿಡಿದು ನಡೆಯುವ ಹುಡುಗ, ಆತ್ಮಕೂರು ದಾಟಿ ವೆಂಕಟಾಪುರದ ಬಳಿ ನಲ್ಲಮಲ ಕಾಡು ಹೊಕ್ಕ ಮೇಲೆ ಏನು ಮಾಡುತ್ತಾನೆ? ಅದು ಹುಲಿ ಸಂರಕ್ಷಿತ ಅರಣ್ಯ. ಪೆದ್ದಚೆರುವು ದಾಟಿ ಭೀಮನ ಕೊಳ್ಳದ ಇಳಿಜಾರು, ಅದರ ಬೆನ್ನಿಗೇ ಕೈಲಾಸ ದ್ವಾರದ ಏರು. ಅಲ್ಲಿ ಎರಡು ಲೀಟರ್ ನೀರನ್ನು ಲೆಕ್ಕ ಹಾಕಿ ಕುಡಿಯಲು ಬರದವನು ಪಕ್ಕದವನ ನೀರಿಗೆ ಕೈ ಚಾಚುತ್ತಾನೆ, ಖಾಲಿ ಬಾಟಲಿಯನ್ನು ಜಿಂಕೆ ಓಡಾಡುವ ಜಾಗದಲ್ಲಿ ಒಗೆಯುತ್ತಾನೆ. ಆ ಕಾಡಿನ ಚೆಂಚು ಜನ ಮಲ್ಲಯ್ಯನನ್ನು ತಮ್ಮ ಅಳಿಯ ಎನ್ನುತ್ತಾರೆ. ಅಳಿಯನನ್ನು ನೋಡಲು ಬಂದವರು ಅಂಗಳದಲ್ಲಿ ಕಸ ಒಗೆದು ಹೋದರೆ ಅತ್ತೆ ಮನೆಯವರಿಗೆ ಹೇಗಿರಬೇಡ!

ನಮ್ಮ ಊರಿನಲ್ಲಿ ಈ ವರ್ಷ ಒಂದು ಪ್ರಯತ್ನ ಮಾಡಿದೆವು. ಹೊರಡುವ ಮುಂಚಿನ ನಾಲ್ಕು ಸೋಮವಾರ ಭಜನೆ ಮುಗಿದ ಮೇಲೆ ಒಂದು ತಾಸು ಮಕ್ಕಳನ್ನು ಗುಡಿಯಲ್ಲೇ ಉಳಿಸಿಕೊಂಡೆವು. ಬಿಸಿಲು ಬಡಿದರೆ ಏನು ಮಾಡಬೇಕೆಂದು ಊರಿನ ಆಶಾ ಕಾರ್ಯಕರ್ತೆ ತೋರಿಸಿದರು. ಮೈಯ ನೀರು ಬತ್ತಿದಾಗ, ಎಚ್ಚರ ಇದ್ದವರಿಗೆ ಕುಡಿಸಲು ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಅದೂ ಚಹಾದ ಚಮಚ, ಮಟ್ಟಸವಾಗಿ. ಹಾವು ಕಚ್ಚಿದರೆ ಕೊಯ್ಯಬೇಡ, ಬಿಗಿಯಾಗಿ ಕಟ್ಟಬೇಡ, ಕಾಲು ಅಲುಗಿಸದೆ ಆಸ್ಪತ್ರೆಗೆ ಒಯ್ಯಿ. ಗುಡಿಯಲ್ಲಿ ಇದೆಲ್ಲ ಯಾಕೆ ಎಂದು ಒಬ್ಬ ಹಿರಿಯರು ಗೊಣಗಿದರು. ಹಾವಿಗೆ ಮಂತ್ರ ಹಾಕುವವರು ಅವರೇ ಎಂಬುದು ಬೇರೆ ಮಾತು. 1907ರಲ್ಲಿ ಬೇಡನ್ ಪೊವೆಲ್ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರನ್ನು ಸೇರಿಸಿ ಶುರು ಮಾಡಿದ ಸ್ಕೌಟ್ ಚಳವಳಿಯ ಪ್ರತಿಜ್ಞೆಯಲ್ಲೂ ದೇವರಿಗೆ ಸಲ್ಲಿಸಬೇಕಾದ ಕರ್ತವ್ಯ ಇದೆ ಎಂದೆ. ಅವರಿಗೆ ಅದು ರುಚಿಸಲಿಲ್ಲ. ಆದರೆ ಮುಂದಿನ ಸೋಮವಾರ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು.

ಕೊನೆಯ ಸೋಮವಾರ ಎಲ್ಲರನ್ನೂ ಊರ ಮುಂದಿನ ಹಳ್ಳಕ್ಕೆ ಕರೆದೊಯ್ದೆವು. ಹಳ್ಳ ಒಣಗಿತ್ತು. ನಮ್ಮವ್ವ ಉಸುಕಿನ ಮೇಲೆ ಬರಿಗಾಲಲ್ಲಿ ಓಡಾಡಿ, ತಂಪು ತಗಲಿದ ಕಡೆ, ಹಳ್ಳ ತಿರುಗುವ ಮೂಲೆಯಲ್ಲಿ, "ಇಲ್ಲಿ ವರ್ತಿ ತೋಡಿರಿ" ಎಂದಳು. ಆ ಮೊಮ್ಮಗಳು, ಏಳನೇ ಇಯತ್ತೆ, ಮೊಣಕೈ ತನಕ ಕೈ ಹಾಕಿ ಉಸುಕು ಬಗೆದಳು. ಮೊಳದಾಳಕ್ಕೆ ಉಸುಕಿನ ಬಣ್ಣ ಬದಲಾಯಿತು, ಇನ್ನೊಂದು ಗೇಣಿಗೆ ರಾಡಿ ನೀರು ಒಸರಿತು. ಹುಡುಗಿ ಬಟ್ಟಲು ತೆಗೆದುಕೊಂಡಳು. "ಮೊದಲನೆಯದು ಚೆಲ್ಲು, ಎರಡನೆಯದೂ ಚೆಲ್ಲು" ಎಂದಳು ಅವ್ವ. "ಮೂರನೆಯದನ್ನು ಅರಿವೆಯಲ್ಲಿ ಸೋಸು." "ಆಮೇಲೆ ಕಾಯಿಸಬೇಕು" ಎಂದು ಹುಡುಗಿಯೇ ಸೇರಿಸಿದಳು. ಅವ್ವ ನನ್ನ ಕಡೆ ನೋಡಿ, ಕಾಯಿಸುವುದು ತನ್ನ ಕಾಲದಲ್ಲಿ ಇರಲಿಲ್ಲ ಎಂದು ಸಣ್ಣಗೆ ಹೇಳಿ, ಕಲ್ಲು ಹುಡುಕಲು ದಂಡೆಯ ಕಡೆ ನಡೆದಳು.